ಮಳೆ ಊರಿನಲ್ಲಿ ತಲೆಗೂದಲು: ದೀನ್ ಹೇಳುವ ಆರೈಕೆ, ಹಂತ ಹಂತವಾಗಿ

ಜೂನ್‌ನಲ್ಲಿ ಮಳೆ ಹಿಡಿದರೆ ಮಲೆನಾಡಿನಲ್ಲಿ ಬಟ್ಟೆಯೂ ಒಣಗುವುದಿಲ್ಲ, ತಲೆಯೂ ಒಣಗುವುದಿಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಎಷ್ಟೋ ದಿನ ಬಿಸಿಲಿನ ಸುಳಿವೇ ಇರುವುದಿಲ್ಲ. ಆಗುಂಬೆಯಲ್ಲಂತೂ ವರ್ಷಕ್ಕೆ 7000 ಮಿ.ಮೀ.ಗೂ ಜಾಸ್ತಿ ಮಳೆ. ಇಂಥ ಕಡೆ ದಿನಕ್ಕೆ ಐದು ಸಲ ನಮಾಝ್ ಮಾಡುವ, ತಲೆ ಮೇಲೆ ಟೋಪಿಯನ್ನೋ ದುಪಟ್ಟಾವನ್ನೋ ಹಾಕುವ ನಮಗೆ ಕೂದಲಿನ ವಿಷಯದಲ್ಲಿ ಎರಡು ಪ್ರಶ್ನೆ ಬರುತ್ತವೆ. ಕೂದಲು ಕೆಡದ ಹಾಗೆ ನೋಡಿಕೊಳ್ಳುವುದು ಹೇಗೆ? ಹಾಗೆ ನೋಡಿಕೊಳ್ಳುವಾಗ ದೀನ್, ಅಂದರೆ ನಮ್ಮ ಧರ್ಮ ಏನು ಹೇಳುತ್ತದೆ? ಎರಡನ್ನೂ ಒಟ್ಟಿಗೇ ಬರೆಯುತ್ತಿದ್ದೇನೆ. ಮನೆಯಲ್ಲಿ ಇವೆರಡೂ ಬೇರೆ ಬೇರೆಯಾಗಿ ಬರುವುದಿಲ್ಲ, ಅಲ್ವಾ?

ಮೊದಲು ಒಂದು ಮಾತು. ಶಿವಮೊಗ್ಗ, ಭದ್ರಾವತಿಯ ಉರ್ದು ಮಾತಾಡುವ ಮನೆಗಳವರು ಹೆಚ್ಚಾಗಿ ಹನಫಿಗಳು. ಕೊಪ್ಪ, ಬಾಳೆಹೊನ್ನೂರು ಕಡೆಯ ಬ್ಯಾರಿ ಮನೆಗಳವರು ಶಾಫಿಈಗಳು. ಇವೆರಡೂ ದೀನ್‌ನ ವಿಧಿಗಳನ್ನು ವಿವರಿಸುವ ಪಂಥಗಳು (ಮದ್‌ಹಬ್). ಕೆಲವು ವಿಷಯದಲ್ಲಿ ಇವರಿಬ್ಬರ ರೀತಿ ಬೇರೆ. ಅಂಥ ಕಡೆ ಎರಡನ್ನೂ ಹೇಳುತ್ತೇನೆ. ನಿಮ್ಮದು ಯಾವುದೋ ಅದನ್ನು ನೋಡಿಕೊಳ್ಳಿ. ಸಂಶಯ ಬಂದರೆ ನಿಮ್ಮ ಮಸೀದಿಯ ಇಮಾಮರನ್ನು ಕೇಳಿ.

ಎಷ್ಟು ಆರೈಕೆ ಸಾಕು?

‘ಕೂದಲು ಇರುವವರು ಅದಕ್ಕೆ ಮರ್ಯಾದೆ ಕೊಡಲಿ’ ಎಂದು ಪ್ರವಾದಿ ಮುಹಮ್ಮದ್(ಸ) ಹೇಳಿದ್ದನ್ನು ಅವರ ಒಡನಾಡಿ (ಸಹಾಬಿ) ಅಬೂ ಹುರೈರಾ(ರ) ವರದಿ ಮಾಡಿದ್ದಾರೆ. (ಸ), (ರ) ಎಂಬುದು ಅವರ ಹೆಸರಿನ ಜೊತೆ ಹೇಳುವ ಪ್ರಾರ್ಥನೆಯ ಕಿರುರೂಪ. ಒಮ್ಮೆ ಒಬ್ಬರು ತಲೆ, ಗಡ್ಡ ಎಲ್ಲ ಕೆದರಿಕೊಂಡು ಮಸೀದಿಗೆ ಬಂದಾಗ, ಹೋಗಿ ಸರಿಮಾಡಿಕೊಂಡು ಬಾ ಎಂದು ಪ್ರವಾದಿ(ಸ) ಕೈಸನ್ನೆ ಮಾಡಿದ್ದರು. ಹಾಗಾಗಿ ತಲೆ ಬಾಚದೆ ಇರುವುದು ಭಕ್ತಿಯ ಗುರುತಲ್ಲ.

ಇನ್ನೊಂದು ಕಡೆ, ದಿನಾ ಬಾಚುತ್ತಾ ಕೂರಬೇಡಿ, ದಿನ ಬಿಟ್ಟು ದಿನ ಸಾಕು ಎಂಬ ಹದೀಸೂ (ಪ್ರವಾದಿಯವರ ಮಾತಿನ ವರದಿ) ಇದೆ. ಕೆಲವರು ಇದನ್ನು ಕೇಳಿ ಗಾಬರಿಯಾಗುತ್ತಾರೆ. ಶಾಲೆಗೆ ಹೋಗುವ ಹುಡುಗಿಗೆ ದಿನಾ ಜಡೆ ಹಾಕಲೇಬಾರದಾ ಅಂತ. ಹಾಗಲ್ಲ. ಕನ್ನಡಿ ಮುಂದೆಯೇ ಹೊತ್ತು ಕಳೆಯಬೇಡಿ ಎಂಬುದು ಇದರ ಅರ್ಥ ಎಂದು ವಿದ್ವಾಂಸರು ವಿವರಿಸಿದ್ದಾರೆ. ಸಹಾಬಿ ಅಬೂ ಕತಾದಾ(ರ) ಅವರಿಗೆ ಭುಜದವರೆಗೆ ಕೂದಲಿತ್ತು. ಅದನ್ನು ಚೆನ್ನಾಗಿ ನೋಡಿಕೋ ಎಂದು ಪ್ರವಾದಿ(ಸ) ಹೇಳಿದ್ದರಿಂದ ಅವರು ಕೆಲವೊಮ್ಮೆ ದಿನಕ್ಕೆ ಎರಡು ಸಲ ಎಣ್ಣೆ ಹಚ್ಚುತ್ತಿದ್ದರಂತೆ. ಬೇಕಾದಷ್ಟು ಮಾಡಿ. ಅದರಲ್ಲೇ ಮುಳುಗಬೇಡಿ.

ಬಾಚುವುದು, ಎಣ್ಣೆ ಹಚ್ಚುವುದು

ಬಲಗಡೆಯಿಂದ ಶುರುಮಾಡಿ. ಚಪ್ಪಲಿ ಹಾಕುವುದು, ತಲೆ ಬಾಚುವುದು, ಶುಚಿಯಾಗುವುದು, ಎಲ್ಲದರಲ್ಲೂ ಪ್ರವಾದಿ(ಸ) ಬಲಗಡೆಯನ್ನೇ ಇಷ್ಟಪಡುತ್ತಿದ್ದರು ಎಂದು ಅವರ ಪತ್ನಿ ಆಯಿಶಾ(ರ) ಹೇಳಿದ್ದಾರೆ. ಪ್ರವಾದಿ(ಸ) ಮಸೀದಿಯಲ್ಲಿ ಇಅತಿಕಾಫ್ (ಮಸೀದಿಯಲ್ಲೇ ಉಳಿದು ಮಾಡುವ ಆರಾಧನೆ) ಕೂತಿದ್ದಾಗ ತಲೆಯನ್ನು ಆಯಿಶಾ(ರ) ಅವರ ಕೋಣೆಯ ಕಡೆ ಚಾಚುತ್ತಿದ್ದರು, ಅವರು ಮುಟ್ಟಾಗಿದ್ದರೂ ಅಲ್ಲಿಂದಲೇ ಬಾಚಿಕೊಡುತ್ತಿದ್ದರು. ಮುಟ್ಟಿನ ದಿನಗಳಲ್ಲಿ ತಲೆ ಬಾಚಬಾರದು, ತಲೆಗೆ ನೀರು ಹಾಕಬಾರದು, ಉದುರಿದ ಕೂದಲನ್ನು ಎತ್ತಿಟ್ಟು ಆಮೇಲೆ ತೊಳೆಯಬೇಕು ಎಂದು ನಮ್ಮ ಕಡೆ ಕೆಲವು ಹಿರಿಯರು ಹೇಳುತ್ತಾರೆ. ಬಾಚಲು, ಸ್ನಾನ ಮಾಡಲು ಆ ದಿನಗಳಲ್ಲಿ ಯಾವ ತಡೆಯೂ ಇಲ್ಲ. ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಿ.

ಉದ್ದ ಕೂದಲನ್ನು ನೆತ್ತಿಯಿಂದ ಎಳೆದು ಬಾಚಬೇಡಿ. ತುದಿಯ ಒಂದು ಗೇಣು ಕೈಯಲ್ಲಿ ಹಿಡಿದು, ಅಗಲ ಹಲ್ಲಿನ ಬಾಚಣಿಗೆಯಲ್ಲಿ ಸಿಕ್ಕು ಬಿಡಿಸಿ. ಆಮೇಲೆ ಸ್ವಲ್ಪ ಮೇಲೆ, ಕೊನೆಗೆ ಬುಡ. ಒದ್ದೆ ಕೂದಲು ಬೇಗ ತುಂಡಾಗುತ್ತದೆ, ಅದಕ್ಕೆ ಕೈಬೆರಳೇ ಒಳ್ಳೆಯದು.

ಎಣ್ಣೆ ಹಚ್ಚುವುದು ಸುನ್ನತ್, ಅಂದರೆ ಪ್ರವಾದಿಯವರ(ಸ) ರೂಢಿ. ಪ್ರವಾದಿ(ಸ) ಎಣ್ಣೆ ಹಚ್ಚಿದಾಗ ಅವರ ಬಿಳಿಕೂದಲು ಕಾಣುತ್ತಿರಲಿಲ್ಲ, ಹಚ್ಚದಿದ್ದರೆ ಕಾಣುತ್ತಿತ್ತು ಎಂದು ಜಾಬಿರ್ ಬಿನ್ ಸಮುರಾ(ರ) ಹೇಳಿದ್ದಾರೆ. ನಮ್ಮಲ್ಲಿ ಕೊಬ್ಬರಿ ಎಣ್ಣೆಯೇ ಸಾಕು. ಗರುಗದ ಸೊಪ್ಪು, ಒಂದೆಲಗ, ನಾಲ್ಕು ಕಾಳು ಮೆಂತ್ಯ ಹಾಕಿ ಕಾಯಿಸಿದ ಎಣ್ಣೆ ಮಲೆನಾಡಿನ ಎಷ್ಟೋ ಮನೆಗಳಲ್ಲಿ ಇದ್ದೇ ಇರುತ್ತದೆ. ಸೊಪ್ಪಿನ ನೀರಿನಂಶ ಪೂರ್ತಿ ಹೋಗಿ ಚಟಪಟ ಸದ್ದು ನಿಂತ ಮೇಲೆ ಇಳಿಸಿ. ನೀರು ಉಳಿದರೆ ಮಳೆಗಾಲದಲ್ಲಿ ಎಣ್ಣೆಗೆ ಬೂಷ್ಟು ಬರುತ್ತದೆ.

ಹೊಟ್ಟು ಇರುವವರು ಮಾತ್ರ ರಾತ್ರಿಯಿಡೀ ಎಣ್ಣೆ ಬಿಡಬೇಡಿ. ಹೊಟ್ಟಿಗೆ ಕಾರಣವಾಗುವ ಶಿಲೀಂಧ್ರ ಬೆಳೆಯುವುದೇ ಜಿಡ್ಡಿನಲ್ಲಿ. ಸ್ನಾನಕ್ಕೆ ಅರ್ಧ ಗಂಟೆ ಮುಂಚೆ ಹಚ್ಚಿ, ತೊಳೆದುಬಿಡಿ. ಹೊಟ್ಟು ಜಾಸ್ತಿಯಾದರೆ ಕೀಟೊಕೊನಜೋಲ್ ಶಾಂಪೂ ವಾರಕ್ಕೆ ಎರಡು ಸಲ ಹಾಕಿ. ನೊರೆಯನ್ನು ಐದು ನಿಮಿಷ ತಲೆಯಲ್ಲೇ ಬಿಡಿ. ಸುಮ್ನೆ ಹಚ್ಚಿ ಹಾಗೇ ತೊಳೆದರೆ ಉಪಯೋಗವಿಲ್ಲ.

ತಲೆಸ್ನಾನ ಮತ್ತು ಗುಸ್ಲ್

ಇದು ಎಲ್ಲಕ್ಕಿಂತ ಮುಖ್ಯ. ಕಡ್ಡಾಯ ಗುಸ್ಲ್‌ನಲ್ಲಿ (ಶುದ್ಧಿಗಾಗಿ ಮಾಡುವ ಪೂರ್ಣ ಸ್ನಾನದಲ್ಲಿ) ಕೂದಲ ಬುಡಕ್ಕೆ ನೀರು ಮುಟ್ಟದಿದ್ದರೆ ಗುಸ್ಲ್ ಆಗುವುದೇ ಇಲ್ಲ. ಆದ್ದರಿಂದ ಕ್ರಮವಾಗಿ ಬರೆಯುತ್ತೇನೆ.

1. ಮೊದಲೇ ಸಿಕ್ಕು ಬಿಡಿಸಿ. ಕ್ಲಿಪ್, ರಬ್ಬರ್‌ಬ್ಯಾಂಡ್ ತೆಗೆಯಿರಿ. ಗಟ್ಟಿಯಾಗಿ ಒಣಗಿದ ಜೆಲ್, ವ್ಯಾಕ್ಸ್ ಇದ್ದರೆ ತೊಳೆದು ತೆಗೆಯಿರಿ. ಎಣ್ಣೆಯ ಜಿಡ್ಡು ಇದ್ದರೆ ಗುಸ್ಲ್ ಕೆಡುವುದಿಲ್ಲ.

2. ಜಿಡ್ಡು, ಕೊಳೆ ಮೊದಲು ಹೋಗಲಿ. ಸೀಗೆಕಾಯಿ, ಅಂಟುವಾಳ, ಶಾಂಪೂ ಯಾವುದಾದರೂ ಸರಿ. ದಾಸವಾಳದ ಎಲೆ ಅಥವಾ ಮತ್ತಿ ಸೊಪ್ಪಿನ ಗೊಂಪು (ಲೋಳೆ) ಸಿಕ್ಕರೆ ನನ್ನ ಮಟ್ಟಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಹತ್ತು ಹದಿನೈದು ದಾಸವಾಳದ ಎಲೆಯನ್ನು ಉಗುರುಬೆಚ್ಚಗಿನ ನೀರಲ್ಲಿ ಕಿವುಚಿ. ಮೊದಲು ನೀರು ಹಸಿರಾಗುತ್ತದೆ, ಆಮೇಲೆ ಬೆರಳ ಸಂದಿಯಲ್ಲಿ ಲೋಳೆ ಜಾರಲು ಶುರುವಾಗುತ್ತದೆ. ಅದನ್ನು ಬಟ್ಟೆಯಲ್ಲಿ ಸೋಸಿ. ಸೋಸದಿದ್ದರೆ ಎಲೆಯ ಚೂರು ತಲೆಯಲ್ಲಿ ಸಿಕ್ಕಿಕೊಂಡು ಎರಡು ದಿನ ಕಾಡುತ್ತದೆ.

3. ಹಂಡೆಯ ಸುಡುನೀರನ್ನು ನೇರ ತಲೆಗೆ ಸುರಿಯಬೇಡಿ, ಬೆಚ್ಚಗೆ ಸಾಕು. ಸುಡುನೀರಿಗೆ ತಲೆಯ ಚರ್ಮ ಒಣಗಿ ಬಿರಿಯುತ್ತದೆ.

4. ಈಗ ಗುಸ್ಲ್. ನಿಯ್ಯತ್ (ಮನಸ್ಸಿನ ಸಂಕಲ್ಪ) ಮಾಡಿ, ಕೈ ತೊಳೆದು, ಗುಪ್ತಾಂಗ ತೊಳೆದು, ನಮಾಝ್‌ಗೆ ಮಾಡುವಂತೆ ವುಝೂ (ಕೈ, ಮುಖ, ಕಾಲು ತೊಳೆಯುವ ಶುದ್ಧಿ) ಮಾಡಿ. ಬಾಯಿ ಮುಕ್ಕಳಿಸುವುದು, ಮೂಗಿಗೆ ನೀರು ಏರಿಸುವುದು ಹನಫಿಯಲ್ಲಿ ಫರ್ಝ್ (ಕಡ್ಡಾಯ).

5. ಬೆರಳುಗಳನ್ನು ಒದ್ದೆ ಮಾಡಿಕೊಂಡು ಕೂದಲ ಬುಡದಲ್ಲಿ ಆಡಿಸಿ. ಪ್ರವಾದಿ(ಸ) ಹೀಗೇ ಮಾಡುತ್ತಿದ್ದರು. ಚರ್ಮ ಒದ್ದೆಯಾದದ್ದು ಬೆರಳಿಗೆ ಗೊತ್ತಾಗಬೇಕು. ಕಿವಿಯ ಹಿಂದೆ, ಕತ್ತಿನ ಮೇಲೆ, ಜಡೆಯ ಬುಡದಲ್ಲಿ ಹೆಚ್ಚಾಗಿ ತಪ್ಪಿಹೋಗುತ್ತದೆ.

6. ತಲೆಗೆ ಮೂರು ಸಲ ನೀರು ಸುರಿಯಿರಿ. ಆಮೇಲೆ ಮೈಗೆ, ಬಲಗಡೆ ಮೊದಲು.

ಜಡೆ ಬಿಚ್ಚಬೇಕಾ? ಇದೇ ಪ್ರಶ್ನೆಯನ್ನು ಉಮ್ಮು ಸಲಮಾ(ರ) ಪ್ರವಾದಿಯವರ(ಸ) ಹತ್ತಿರ ಕೇಳಿದ್ದರು. ನಾನು ತಲೆಯ ಜಡೆಯನ್ನು ಬಿಗಿಯಾಗಿ ಹೆಣೆಯುವವಳು, ಬಿಚ್ಚಲೇಬೇಕಾ ಎಂದು. ಬೇಡ, ತಲೆಗೆ ಮೂರು ಬೊಗಸೆ ನೀರು ಹಾಕಿದರೆ ಸಾಕು ಎಂದರು. ಹನಫಿಯಲ್ಲಿ ಹೆಂಗಸರು ಬುಡಕ್ಕೆ ನೀರು ಮುಟ್ಟಿಸಿದರೆ ಜಡೆ ಬಿಚ್ಚಬೇಕಿಲ್ಲ. ಉದ್ದ ಕೂದಲು ಬಿಟ್ಟ ಗಂಡಸರು ಮಾತ್ರ ಬಿಚ್ಚಬೇಕು. ಶಾಫಿಈಯಲ್ಲಿ ಹೆಣೆದ ಕೂದಲ ಒಳಗೂ ನೀರು ಹೋಗಬೇಕು. ಬಿಗಿಯಾಗಿದ್ದು ನೀರು ಇಳಿಯದಿದ್ದರೆ ಬಿಚ್ಚಬೇಕು. ಬೆಳಗಿನ ಫಜ್ರ್ ನಮಾಝ್‌ಗೆ ಮುಂಚೆ, ಜುಲೈ ಚಳಿಯಲ್ಲಿ, ಸೊಂಟದವರೆಗೆ ಕೂದಲಿರುವ ಹೆಣ್ಣುಮಗಳಿಗೆ ಈ ರಿಯಾಯಿತಿ ಎಷ್ಟು ದೊಡ್ಡದೆಂದು ಅನುಭವಿಸಿದವರಿಗೆ ಗೊತ್ತು.

ವುಝೂವಿನ ಮಸಹ್ (ಒದ್ದೆ ಕೈಯಲ್ಲಿ ತಲೆ ಸವರುವುದು) ಇಷ್ಟು ಕಷ್ಟದ್ದಲ್ಲ. ಹನಫಿಯಲ್ಲಿ ತಲೆಯ ಕಾಲು ಭಾಗ ಫರ್ಝ್, ಪೂರ್ತಿ ಸವರುವುದು ಸುನ್ನತ್. ಶಾಫಿಈಯಲ್ಲಿ ಸ್ವಲ್ಪ ಭಾಗಕ್ಕೆ ನೀರು ಮುಟ್ಟಿದರೂ ಫರ್ಝ್ ಆಗುತ್ತದೆ. ದುಪಟ್ಟಾದ ಮೇಲೆಯೇ ಕೈ ಸವರಿಬಿಡುವುದು ಈ ಎರಡು ಮದ್‌ಹಬ್‌ನಲ್ಲೂ ಸಾಲದು. ಕೈ ಒಳಗೆ ಹಾಕಿ ಕೂದಲು ಮುಟ್ಟಿಸಿ.

ಒಣಗಿಸುವುದು

ಮಳೆಗಾಲದಲ್ಲಿ ಕೂದಲಿನ ಅರ್ಧ ಸಮಸ್ಯೆ ಇಲ್ಲೇ ಹುಟ್ಟುತ್ತದೆ. ಒದ್ದೆ ತಲೆಗೆ ಬಿಗಿಯಾಗಿ ಹಿಜಾಬ್ ಸುತ್ತಿ ಬಸ್ಸು ಹತ್ತಿದರೆ ಸಂಜೆಯವರೆಗೆ ಬುಡ ತೇವವಾಗಿಯೇ ಇರುತ್ತದೆ. ತುರಿಕೆ, ವಾಸನೆ, ಹೊಟ್ಟು ಎಲ್ಲ ಬರುತ್ತವೆ. ಕಾಲೇಜಿಗೆ, ಕೆಲಸಕ್ಕೆ ಹೋಗುವವರು ತಲೆಸ್ನಾನವನ್ನು ಸಂಜೆಗೆ ಇಟ್ಟುಕೊಳ್ಳಿ. ಹಳೇ ಕಾಟನ್ ಲುಂಗಿಯಲ್ಲಿ ಕೂದಲನ್ನು ಒತ್ತಿ ನೀರು ತೆಗೆಯಿರಿ, ಉಜ್ಜಬೇಡಿ. ಆಮೇಲೆ ಫ್ಯಾನಿನ ಕೆಳಗೆ ಬಿಚ್ಚಿ ಕೂರಿ. ಕರೆಂಟ್ ಇಲ್ಲದ ದಿನ ಬಚ್ಚಲ ಒಲೆಯ ಕಾವು ಇದ್ದೇ ಇದೆ, ಬೆಂಕಿಯಿಂದ ದೂರವಿರಿ ಅಷ್ಟೇ. ಕೆಂಡಕ್ಕೆ ಲೋಬಾನ ಹಾಕಿ ಕೂದಲಿಗೆ ಹೊಗೆ ತೋರಿಸುವ ಪದ್ಧತಿ ನಮ್ಮ ಮನೆಗಳಲ್ಲಿದೆ. ವಾಸನೆ ಹೋಗಲು ಒಳ್ಳೆಯದು, ಆದರೆ ಉಬ್ಬಸ ಇರುವವರ ಮನೆಯಲ್ಲಿ ಬೇಡ.

ಒಳಗೆ ಹಾಕುವ ಟೋಪಿ ಕಾಟನ್ನಿನದ್ದಿರಲಿ, ದಿನಾ ಬದಲಿಸಿ. ಗಂಡಸರ ನಮಾಝ್ ಟೋಪಿಗೂ ಇದೇ ಮಾತು. ವಾರಕ್ಕೊಮ್ಮೆಯಾದರೂ ತೊಳೆಯಿರಿ. ಮಸೀದಿಯ ಬಾಗಿಲಲ್ಲಿ ಇಡುವ ಪ್ಲಾಸ್ಟಿಕ್ ಟೋಪಿಗಳನ್ನು ನಾನಾ ತಲೆಗಳು ಹಾಕುತ್ತವೆ. ಜೇಬಿನಲ್ಲಿ ಸ್ವಂತದ್ದೊಂದು ಇಟ್ಟುಕೊಳ್ಳುವುದು ಮೇಲು.

ಹೇನು ಬಂದರೆ ನಾಚಿಕೆ ಪಡಬೇಕಿಲ್ಲ. ಮಕ್ಕಾ ಹತ್ತಿರದ ಹುದೈಬಿಯಾದಲ್ಲಿ ಸಹಾಬಿ ಕಅಬ್ ಬಿನ್ ಉಜ್ರಾ(ರ) ಅವರ ತಲೆಯಿಂದ ಹೇನು ಮುಖದ ಮೇಲೆ ಉದುರುತ್ತಿತ್ತು. ಅವರು ಮಕ್ಕಾ ಯಾತ್ರೆಯ ವ್ರತಸ್ಥಿತಿಯಾದ ಇಹ್ರಾಮ್‌ನಲ್ಲಿದ್ದರು, ಕೂದಲು ತೆಗೆಯುವಂತಿಲ್ಲ. ಆದರೂ ಬೋಳಿಸಲು ಪ್ರವಾದಿ(ಸ) ಅನುಮತಿ ಕೊಟ್ಟರು. ಬದಲಿಗೆ ಮೂರು ದಿನ ಉಪವಾಸ, ಇಲ್ಲವೇ ಆರು ಬಡವರಿಗೆ ಊಟ, ಇಲ್ಲವೇ ಒಂದು ಕುರಿಯ ಬಲಿ. ಶಾಲೆಯ ಮಕ್ಕಳಿಗೆ ಪರ್ಮೆಥ್ರಿನ್ ಒಂದು ಪರ್ಸೆಂಟ್ ಲೋಷನ್ ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಸೀರು ಒಡೆದು ಹೊಸ ಹೇನು ಬರುತ್ತವೆ, ಹಾಗಾಗಿ ಏಳರಿಂದ ಹತ್ತು ದಿನದೊಳಗೆ ಇನ್ನೊಮ್ಮೆ ಹಚ್ಚಬೇಕು. ನಡುವೆ ಸೀರಣಿಗೆ ಹಾಕಿ ಬಾಚಿ. ಮನೆಯಲ್ಲಿ ಎಲ್ಲರ ತಲೆಯನ್ನೂ ನೋಡಿ, ಇಲ್ಲದಿದ್ದರೆ ಮತ್ತೆ ಬರುತ್ತದೆ.

ಕಟಿಂಗ್ ಶಾಪಿನಲ್ಲಿ

ಗಂಡಸರು ಕೂದಲು ಬಿಡಬಹುದು, ಬೋಳಿಸಲೂಬಹುದು. ಪ್ರವಾದಿಯವರ(ಸ) ಕೂದಲು ಕೆಲವೊಮ್ಮೆ ಕಿವಿಯ ಹಾಲೆಯವರೆಗೆ, ಕೆಲವೊಮ್ಮೆ ಭುಜ ಮುಟ್ಟುವಷ್ಟು ಇರುತ್ತಿತ್ತು. ಉದ್ದ ಬಿಟ್ಟ ಹುಡುಗರು ನಮಾಝ್ ಹೊತ್ತಿಗೆ ಹಿಂದೆ ಗಂಟು ಕಟ್ಟಿಕೊಳ್ಳಬಾರದು, ಬಿಚ್ಚಿಬಿಡಿ. ಹಾಗೆ ಕಟ್ಟಿಕೊಂಡು ನಮಾಝ್ ಮಾಡುತ್ತಿದ್ದವರ ಗಂಟನ್ನು ಇಬ್ನ್ ಅಬ್ಬಾಸ್(ರ) ಹಿಂದಿನಿಂದ ಹೋಗಿ ಬಿಚ್ಚಿದ್ದರು.

ತಡೆ ಇರುವುದು ಅರ್ಧ ಬೋಳಿಸಿ ಅರ್ಧ ಬಿಡುವುದಕ್ಕೆ. ಒಬ್ಬ ಹುಡುಗನ ತಲೆಯನ್ನು ಹಾಗೆ ಮಾಡಿದ್ದನ್ನು ನೋಡಿ, ‘ಪೂರ್ತಿ ಬೋಳಿಸಿ, ಇಲ್ಲವೇ ಪೂರ್ತಿ ಬಿಡಿ’ ಎಂದು ಪ್ರವಾದಿ(ಸ) ಹೇಳಿದ್ದರು. ಈಗಿನ ಹುಡುಗರು ಕೇಳುವ ಸ್ಟೈಲ್‌ನಲ್ಲಿ ಪಕ್ಕಕ್ಕೆ ಬ್ಲೇಡ್, ಮೇಲೆ ದಟ್ಟ ಕೂದಲು, ನಡುವೆ ಗೆರೆ. ಇದು ನೇರವಾಗಿ ಆ ತಡೆಯೊಳಗೇ ಬರುತ್ತದೆ. ಬೋಳಿಸದೆ ಪಕ್ಕದಲ್ಲಿ ಸ್ವಲ್ಪ ಚಿಕ್ಕದು, ಮೇಲೆ ಸ್ವಲ್ಪ ಉದ್ದ ಮಾಡಿದರೆ ಬಹಳ ವಿದ್ವಾಂಸರು ಅಡ್ಡಿ ಹೇಳುವುದಿಲ್ಲ. ಆದ್ದರಿಂದ ಕುರ್ಚಿಯಲ್ಲಿ ಕೂರುವ ಮುಂಚೆಯೇ ಹೇಳಿ: ‘ಸೈಡಿಗೆ ಜೀರೋ ಬೇಡ ಅಣ್ಣ, ಮೂರು ನಂಬರ್ ಹಾಕಿ, ಮೇಲೆ ಕತ್ತರಿಯಲ್ಲೇ ಮಾಡಿ, ಗೆರೆ ಎಳೀಬೇಡಿ.’ ಹದಿನಾರರ ಮಗನಿಗೆ ಬೈದು ಬೋಳಿಸುವುದಕ್ಕಿಂತ ಅವನ ಜೊತೆ ಹೋಗಿ, ಅವನಿಗೂ ಒಪ್ಪುವ ಕಟಿಂಗ್ ಮಾಡಿಸುವುದು ಒಳ್ಳೆಯದು. ಬೈಸಿಕೊಂಡ ಹುಡುಗ ಕೂದಲಿನ ಜೊತೆ ಮಸೀದಿಯನ್ನೂ ಬಿಡುತ್ತಾನೆ.

ಹೊಸ ಬ್ಲೇಡ್ ಹಾಕುವುದನ್ನು ಕಣ್ಣಾರೆ ನೋಡಿ. ಹೆಪಟೈಟಿಸ್ ಬಿ ಇಂಥ ಬ್ಲೇಡಿನಿಂದ ಹರಡಬಲ್ಲದು. ಮಂಗಳವಾರ ಬಹಳ ಅಂಗಡಿಗಳಿಗೆ ರಜೆ. ಅದು ಅವರ ವಾರದ ರಜೆ, ಆ ದಿನ ಕೂದಲು ತೆಗೆದರೆ ಕೇಡು ಎನ್ನುವುದಕ್ಕೆ ದೀನ್‌ನಲ್ಲಿ ಆಧಾರವಿಲ್ಲ. ಗುರುವಾರ ಕಟಿಂಗ್ ಮಾಡಿಸಿ, ಶುಕ್ರವಾರ ಸ್ನಾನ ಮಾಡಿ, ಎಣ್ಣೆ, ಅತ್ತರ್ ಹಚ್ಚಿ ಜುಮಾ ನಮಾಝ್‌ಗೆ ಹೋಗಿ.

ಮೀಸೆ ಕತ್ತರಿಸಿ, ಗಡ್ಡ ಬಿಡಿ ಎಂಬುದು ಸ್ಪಷ್ಟ ಆದೇಶ. ಇಬ್ನ್ ಉಮರ್(ರ) ಹಜ್ಜ್, ಉಮ್ರಾ (ಕಿರು ಮಕ್ಕಾ ಯಾತ್ರೆ) ಮಾಡಿದಾಗ ಗಡ್ಡವನ್ನು ಮುಷ್ಟಿಯಲ್ಲಿ ಹಿಡಿದು ಮಿಕ್ಕಿದ್ದನ್ನು ಕತ್ತರಿಸುತ್ತಿದ್ದರು. ಹನಫಿಗಳ ಅಳತೆ ಅದೇ. ಕಂಕುಳು ಮತ್ತು ಕೆಳಗಿನ ಕೂದಲು, ಉಗುರು, ಮೀಸೆ ಇವನ್ನು 40 ದಿನ ದಾಟಿಸಬಾರದು. ವಾರಕ್ಕೊಮ್ಮೆ ಆದರೆ ಇನ್ನೂ ಒಳ್ಳೆಯದು.

ಹೆಂಗಸರಿಗೆ ತುದಿ ಕತ್ತರಿಸಲು ಅಡ್ಡಿ ಇಲ್ಲ. ಗಂಡಸರ ಹಾಗೆ ಕಾಣುವಷ್ಟು ಗಿಡ್ಡ ಮಾಡಬಾರದು. ಹುಬ್ಬು ಕಿತ್ತು ತೆಳ್ಳಗೆ ಮಾಡಿಸುವುದರ ಬಗ್ಗೆ ಕಠಿಣ ಎಚ್ಚರಿಕೆ ಇದೆ. ಮದುವೆ ಸೀಸನ್‌ನಲ್ಲಿ ಪಾರ್ಲರ್‌ಗೆ ಹೋಗುವ ಹುಡುಗಿಯರು ಇದನ್ನು ಮೊದಲೇ ಹೇಳಿಬಿಡಿ.

ಬಿಳಿಕೂದಲು ಮತ್ತು ಮೆಹಂದಿ

ಬಿಳಿಕೂದಲು ಕೀಳಬೇಡಿ. ಅದು ಕಿಯಾಮತ್ (ಅಂತ್ಯದ) ದಿನ ಮುಸ್ಲಿಮನಿಗೆ ಬೆಳಕು ಎಂದು ಹದೀಸ್ ಇದೆ. ಬಣ್ಣ ಹಚ್ಚಬಹುದು. ಹಿಜರಿ 8ರಲ್ಲಿ ಮಕ್ಕಾ ಗೆದ್ದ ದಿನ ಅಬೂಬಕರ್(ರ) ಅವರ ತಂದೆ ಅಬೂ ಕುಹಾಫಾರನ್ನು ಕರೆತಂದರು. ತಲೆ, ಗಡ್ಡ ಬಿಳಿ ಹೂವಿನ ಹಾಗಿತ್ತು. ‘ಇದರ ಬಣ್ಣ ಬದಲಿಸಿ, ಕಪ್ಪನ್ನು ಬಿಡಿ’ ಎಂದರು ಪ್ರವಾದಿ(ಸ). ಶಾಫಿಈಯಲ್ಲಿ ಅಚ್ಚ ಕಪ್ಪು ಹರಾಮ್ (ನಿಷಿದ್ಧ). ಹನಫಿಯಲ್ಲಿ ಹೆಚ್ಚಿನವರು ಮಕ್ರೂಹ್ (ಇಷ್ಟವಲ್ಲದ್ದು) ಎನ್ನುತ್ತಾರೆ. ಇಮಾಮ್ ಅಬೂ ಯೂಸುಫ್ ಮಾತ್ರ ಸಂಗಾತಿಗಾಗಿ ಅಲಂಕಾರಕ್ಕೆ ಸಡಿಲ ಕೊಟ್ಟಿದ್ದಾರೆ. ಮೆಹಂದಿ ಮತ್ತು ಕತಮ್ (ಕಪ್ಪು ಬಣ್ಣ ಕೊಡುವ ಒಂದು ಸೊಪ್ಪು) ಬಗ್ಗೆ ಮಾತ್ರ ಹೊಗಳಿಕೆಯೇ ಇದೆ. ಎರಡನ್ನೂ ಸೇರಿಸಿದರೆ ಕಪ್ಪು ಮಿಶ್ರಿತ ಕೆಂಪು ಬರುತ್ತದೆ. ಕತಮ್ ನಮ್ಮಲ್ಲಿ ಸುಲಭವಾಗಿ ಸಿಗುವುದಿಲ್ಲ. ಅದರ ಜಾಗಕ್ಕೆ ನೀಲಿ ಸೊಪ್ಪಿನ (ಇಂಡಿಗೊ) ಪುಡಿ ಸೇರಿಸಿದರೆ ಕಂದು ಬಣ್ಣ ಬರುತ್ತದೆ.

ಹಚ್ಚುವ ಬಗೆ: ರಾತ್ರಿ ಕಬ್ಬಿಣದ ಬಾಣಲೆಯಲ್ಲಿ ಮೆಹಂದಿ ಪುಡಿಗೆ ಆರಿದ ಟೀ ಡಿಕಾಕ್ಷನ್, ಅರ್ಧ ನಿಂಬೆಹಣ್ಣಿನ ರಸ ಹಾಕಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ ಮುಚ್ಚಿಡಿ. ಬೆಳಿಗ್ಗೆ ಮೇಲ್ಪದರ ಕಂದು ತಿರುಗಿ, ಕೆಳಗೆ ಹಸಿರು ಉಳಿದಿರುತ್ತದೆ. ಬೆರಳಿಗೆ ತಾಗಿಸಿದರೆ ಕಿತ್ತಳೆ ಕಲೆ ಹಿಡಿಯಬೇಕು. ಹಿಡಿಯದಿದ್ದರೆ ಪುಡಿ ಹಳೆಯದು. ಎಣ್ಣೆ ಇಲ್ಲದ, ಒಣಗಿದ ಕೂದಲಿಗೆ ಬುಡದಿಂದ ಹಚ್ಚಿ ಎರಡು ಮೂರು ಗಂಟೆ ಬಿಡಿ, ಬರೀ ನೀರಲ್ಲಿ ತೊಳೆಯಿರಿ. ಕಂದು ಬೇಕಾದರೆ ಆಮೇಲೆ ನೀಲಿ ಪುಡಿ. ಅದನ್ನು ರಾತ್ರಿ ಕಲಸಿಡಬಾರದು. ನೀರಲ್ಲಿ ಕಲಸಿ ಹದಿನೈದು ನಿಮಿಷದಲ್ಲೇ ಹಚ್ಚಿ, ಒಂದು ಗಂಟೆ ಬಿಡಿ. ಮಳೆ ದಿನ ಇದನ್ನು ಮಾಡಬೇಡಿ, ತಂಡಿ ಹಿಡಿಯುತ್ತದೆ. ಡಿಸೆಂಬರಿನ ಎಳೆ ಬಿಸಿಲಿಗೆ ಇಟ್ಟುಕೊಳ್ಳಿ.

‘ಕಪ್ಪು ಮೆಹಂದಿ’ ಅಂತ ಪ್ಯಾಕೆಟ್‌ನಲ್ಲಿ ಬರುವ ಬಹಳಷ್ಟರಲ್ಲಿ ಪಿಪಿಡಿ ಎಂಬ ರಾಸಾಯನಿಕ ಇರುತ್ತದೆ. ಕೆಲವರಿಗೆ ಮುಖ, ಕಣ್ಣುರೆಪ್ಪೆ ಊದಿಕೊಳ್ಳುತ್ತದೆ. ಮೊದಲು ಕಿವಿಯ ಹಿಂದೆ ಸ್ವಲ್ಪ ಹಚ್ಚಿ 48 ಗಂಟೆ ಕಾಯಿರಿ.

ಕೂದಲು ಉದುರಿದರೆ

ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಬಾಣಂತಿಯರಿಗೆ ಹೆರಿಗೆಯಾಗಿ ಮೂರು ತಿಂಗಳಿಗೆ ಗೊಂಚಲು ಗೊಂಚಲಾಗಿ ಬರಬಹುದು. ಹೆಚ್ಚಿನವರಿಗೆ ವರ್ಷದೊಳಗೆ ಮತ್ತೆ ಬರುತ್ತದೆ. ಅದಕ್ಕಿಂತ ಜಾಸ್ತಿಯಾದರೆ ಎಣ್ಣೆ ಬದಲಿಸುತ್ತಾ ಕೂರಬೇಡಿ. ಹಿಮೋಗ್ಲೋಬಿನ್, ಥೈರಾಯ್ಡ್ ಪರೀಕ್ಷೆ ಮಾಡಿಸಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಚರ್ಮದ ಡಾಕ್ಟರ್ ಸಿಗುತ್ತಾರೆ.

ಬೇರೆಯವರ ಕೂದಲಿನ ಸವರಿ (ಕಟ್ಟುಕೂದಲು) ಸೇರಿಸಬಾರದು. ಕಾಯಿಲೆಯಿಂದ ಕೂದಲು ಉದುರಿದ ಮದುಮಗಳಿಗಾಗಿ ತಾಯಿ ಬಂದು ಕೇಳಿದಾಗಲೂ ಪ್ರವಾದಿ(ಸ) ಒಪ್ಪಲಿಲ್ಲ. ಉಣ್ಣೆ, ರೇಷ್ಮೆ ದಾರದ ಕುಚ್ಚಿಗೆ ಹನಫಿಯಲ್ಲಿ ಅವಕಾಶವಿದೆ. ಔಷಧಿ, ಸ್ವಂತ ಕೂದಲನ್ನೇ ನೆಡುವ ಚಿಕಿತ್ಸೆಗೆ ಈಗಿನ ಅನೇಕ ವಿದ್ವಾಂಸರು ಅನುಮತಿ ಕೊಟ್ಟಿದ್ದಾರೆ.

ಮಗುವಿನ ಮೊದಲ ಕೂದಲು

ಏಳನೇ ದಿನ ಅಕೀಕಾ (ಮಗುವಿಗಾಗಿ ಕೊಡುವ ಬಲಿ), ಹೆಸರು, ತಲೆ ಬೋಳಿಸುವುದು. ಶುಕ್ರವಾರ ಹುಟ್ಟಿದ ಮಗುವಿಗೆ ಮುಂದಿನ ಗುರುವಾರ. ಮಗು ಕ್ಷೀಣವಾಗಿದ್ದರೆ ಅಥವಾ ಮಳೆ ಚಳಿ ಜಾಸ್ತಿ ಇದ್ದರೆ 14ನೇ ಅಥವಾ 21ನೇ ದಿನಕ್ಕೆ ಇಟ್ಟುಕೊಳ್ಳಿ. ನೆತ್ತಿ ಇನ್ನೂ ಮೆತ್ತಗಿರುತ್ತದೆ, ಅನುಭವಿ ಕೈಯೇ ಬೇಕು. ಮೊದಲು ಬೆಚ್ಚಗಿನ ನೀರಲ್ಲಿ ಕೂದಲು ನೆನೆಸಿ, ಮಗು ಹಾಲು ಕುಡಿದು ಮಲಗಿದ ಹೊತ್ತು ನೋಡಿ.

ಪ್ರವಾದಿಯವರ(ಸ) ಮಗಳು ಫಾತಿಮಾ(ರ) ತಮ್ಮ ಮಕ್ಕಳ ಕೂದಲು ತೂಗಿ ಆ ತೂಕದ ಬೆಳ್ಳಿ ದಾನ ಮಾಡಿದ್ದರು. ಕೂದಲನ್ನು ಬಿಳಿ ಕಾಗದದಲ್ಲಿ ಮಡಿಚಿ ಶಿವಮೊಗ್ಗದ ಗಾಂಧಿ ಬಜಾರಿನ ಯಾವುದಾದರೂ ಬೆಳ್ಳಿ ಅಂಗಡಿಗೆ ಒಯ್ಯಿರಿ. ಮನೆಯ ತಕ್ಕಡಿಗೆ ಅದು ಗೊತ್ತೇ ಆಗುವುದಿಲ್ಲ. ಅಂಗಡಿಯವರು ಗಾಜಿನ ಪೆಟ್ಟಿಗೆಯ ಒಳಗಿನ ತಕ್ಕಡಿಯಲ್ಲಿ ಮೊದಲು ಖಾಲಿ ಕಾಗದ ಇಟ್ಟು ಸೊನ್ನೆಗೆ ತಂದು, ಆಮೇಲೆ ಕೂದಲು ಇಡುತ್ತಾರೆ. ಬರುವ ಮೊತ್ತ ಬಹಳ ಚಿಕ್ಕದು. ಅದಕ್ಕೆ ನಿಮ್ಮ ಕೈಲಾದಷ್ಟು ಸೇರಿಸಿ ಬಡವರಿಗೆ ಕೊಡಿ.

ಕುರ್ಬಾನಿ, ಹಜ್ಜ್

ಕುರ್ಬಾನಿ (ಬಕ್ರೀದ್ ಬಲಿ) ಕೊಡುವವರು ದುಲ್‌ಹಜ್ಜ್ ತಿಂಗಳ ಚಂದ್ರ ಕಂಡಾಗಿನಿಂದ ಕುರ್ಬಾನಿ ಆಗುವವರೆಗೆ ಕೂದಲು, ಉಗುರು ತೆಗೆಯದಿರುವುದು ಒಳ್ಳೆಯದು. ಹಾಗಾಗಿ ಚಂದ್ರ ಕಾಣುವ ಹಿಂದಿನ ದಿನವೇ ಕಟಿಂಗ್ ಮುಗಿಸಿ. ಹಜ್ಜ್‌ನಲ್ಲಿ ತಲೆ ಬೋಳಿಸಿದವರಿಗೆ ಪ್ರವಾದಿ(ಸ) ಮತ್ತೆ ಮತ್ತೆ ದುಆ (ಪ್ರಾರ್ಥನೆ) ಮಾಡಿ, ಕತ್ತರಿಸಿಕೊಂಡವರಿಗೆ ಕೊನೆಗೆ ಒಮ್ಮೆ ಮಾಡಿದರು. ಹೆಂಗಸರು ಬೋಳಿಸಬಾರದು, ಬೆರಳಿನ ಒಂದು ಗೆಣ್ಣಿನಷ್ಟು ತುದಿ ಕತ್ತರಿಸಿದರೆ ಸಾಕು.

ಉದುರಿದ ಕೂದಲು ಏನು ಮಾಡಬೇಕು?

ಹಿತ್ತಲಲ್ಲಿ ಮಣ್ಣಿನಲ್ಲಿ ಹೂಳುವುದು ಒಳ್ಳೆಯದು. ಬೀದಿಯಲ್ಲಿ ‘ಕೂದಲಿಗೆ ಪಾತ್ರೆ’ ಎಂದು ಕೂಗುತ್ತಾ ಬರುವವರಿಗೆ ಬಾಚಿದ ಕೂದಲು ಕೂಡಿಟ್ಟು ಕೊಡುವ ರೂಢಿ ನಮ್ಮ ಕಡೆ ಜೋರಾಗಿದೆ. ಸ್ಟೀಲ್ ಡಬ್ಬಿಯೋ ಲೋಟವೋ ಸಿಗುತ್ತದೆ, ಅದಕ್ಕೆ ಆಸೆ. ಆದರೆ ಮನುಷ್ಯನ ಕೂದಲನ್ನು ಮಾರುವುದು, ಅದಕ್ಕೆ ಬದಲು ವಸ್ತು ತೆಗೆದುಕೊಳ್ಳುವುದು ಹನಫಿಯಲ್ಲೂ ಶಾಫಿಈಯಲ್ಲೂ ಸರಿಯಲ್ಲ. ಹೀಗೆ ಹೋದ ಕೂದಲು ಸವರಿ, ವಿಗ್ ಆಗಿ ಇನ್ನೊಬ್ಬರ ತಲೆ ಸೇರುತ್ತದೆ. ಬಾಚಿದಾಗ ಬಂದ ಉಂಡೆಯನ್ನು ಹಳೇ ಪೇಪರಿನಲ್ಲಿ ಸುತ್ತಿಡಿ, ವಾರಕ್ಕೊಮ್ಮೆ ಹೂಳಿ. ಶಿವಮೊಗ್ಗದಲ್ಲಿ ಬಾಡಿಗೆ ಮನೆ, ಹಿತ್ತಲೇ ಇಲ್ಲ ಅಂದರೆ ಕಾಗದದಲ್ಲಿ ಕಟ್ಟಿ ಕಸದ ಗಾಡಿಗೆ ಹಾಕಿದರೂ ಪಾಪವಿಲ್ಲ. ಬಚ್ಚಲ ಜಾಲಿಯಲ್ಲಿ ಸಿಕ್ಕಿಕೊಂಡಿದ್ದನ್ನು ಮಾತ್ರ ಪ್ರತಿ ಸ್ನಾನದ ನಂತರ ತೆಗೆಯಿರಿ.